ದ್ವೀಪಕ್ಕೆ ಅಳಿಯನ ಹೆಸರು

ಪ್ರಶ್ನೆ: ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿರುವ ರೂಸ್‌ವೆಲ್ಟ್ ದ್ವೀಪಕ್ಕೆ ಹಿಂದೆ ಬ್ಲ್ಯಾಕ್‌ವೆಲ್ ದ್ವೀಪ ಎಂದಿದ್ದರು. ಆ ಮನೆತನದ ವಂಶವೃಕ್ಷ ಬರೆಯುತ್ತಿದ್ದೇನೆ. 1686ಕ್ಕೂ ಹಿಂದಿನ ಭೂದಾಖಲೆಗಳಲ್ಲಿ ದ್ವೀಪದ ಜತೆ ಬ್ಲ್ಯಾಕ್‌ವೆಲ್ ಹೆಸರೇ ಸಿಗುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಗಂಡನನ್ನು ಹುಡುಕುತ್ತಿದ್ದೀರಿ, ಜಮೀನು ಬಂದದ್ದು ಹೆಂಡತಿಯ ಕಡೆಯಿಂದ. ರಾಬರ್ಟ್ ಬ್ಲ್ಯಾಕ್‌ವೆಲ್‌ನ ಹೆಂಡತಿ ಮೇರಿ, ಕ್ಯಾಪ್ಟನ್ ಜಾನ್ ಮ್ಯಾನಿಂಗ್‌ನ ಮಲಮಗಳು. ಮ್ಯಾನಿಂಗ್‌ಗೆ ದ್ವೀಪ ದಕ್ಕಿದ್ದು 1668ರಲ್ಲಿ. 1673ರಲ್ಲಿ ಡಚ್ ಹಡಗುಗಳು ಬಂದಾಗ ನ್ಯೂಯಾರ್ಕಿನ ಕೋಟೆ ಇವನ ಉಸ್ತುವಾರಿಯಲ್ಲಿತ್ತು; ಬಿಟ್ಟುಕೊಟ್ಟ. ಆಮೇಲೆ ವಿಚಾರಣೆ ನಡೆದು, ಊರ ಜನರೆದುರಿಗೇ ಇವನ ಕತ್ತಿ ಮುರಿದರು. ಮಾನ ಹೋಯಿತು, ದ್ವೀಪ ಮಾತ್ರ ಉಳಿಯಿತು. ಅದೇ ಮುಂದೆ ಮೇರಿಗೆ ಬಂತು.

ವಂಶವೃಕ್ಷದಲ್ಲಿ ಮ್ಯಾನಿಂಗ್‌ನನ್ನು ಮೇರಿಯ ತಂದೆ ಎಂದು ಬರೆಯಬೇಡಿ. ಮಲತಂದೆ ಎಂದೇ ಬೇರೆ ಗೆರೆ ಎಳೆಯಿರಿ. ಇಲ್ಲದಿದ್ದರೆ ಬ್ಲ್ಯಾಕ್‌ವೆಲ್ ಸಂತತಿಯೆಲ್ಲ ಮ್ಯಾನಿಂಗ್ ರಕ್ತಸಂಬಂಧಿಗಳಾಗಿಬಿಡುತ್ತಾರೆ.

ಹುಡುಕಾಟವನ್ನು ಗಟ್ಟಿ ದಾಖಲೆಯಿರುವ ತುದಿಯಿಂದ ಹಿಂದಕ್ಕೆ ನಡೆಸಿ. ನಗರಾಡಳಿತ 1828ರಲ್ಲಿ 32,000 ಡಾಲರಿಗೆ ಈ ದ್ವೀಪ ಕೊಂಡಿತು. ಆ ಕ್ರಯಪತ್ರದಲ್ಲಿ ಮಾರಿದವರು ಯಾರು ನೋಡಿ. ಆ ಹೆಸರನ್ನು ಅದಕ್ಕಿಂತ ಹಿಂದಿನ ‘ಕೊಂಡವರ ಸೂಚಿ’ಯಲ್ಲಿ ಹುಡುಕಿ. ಅಲ್ಲಿ ಇಲ್ಲವೆಂದರೆ ಆಸ್ತಿ ಬಹುಶಃ ಕ್ರಯದಿಂದ ಬಂದಿಲ್ಲ. ಉಯಿಲಿನ ಪುಸ್ತಕಕ್ಕೆ ಹೋಗಿ. ಉಯಿಲಿನಲ್ಲೂ ಸಿಗದಿದ್ದರೆ ಮದುವೆ ದಾಖಲೆ. ಒಂದೊಂದು ಕೊಂಡಿಗೂ ಒಂದು ಕಾಗದ ಇರಲೇಬೇಕು. ನಗರದ ಆಸ್ತಿ ದಾಖಲೆಗಳ ಏಕ್ರಿಸ್ ಜಾಲತಾಣದಲ್ಲಿ 1966ರಿಂದ ಈಚಿನ ಪತ್ರಗಳಷ್ಟೇ ಸಿಗುತ್ತವೆ. ಹಳೆಯವುಗಳಿಗೆ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ಉಚಿತ ಖಾತೆ ತೆರೆದು, ನೋಂದಣಿ ಪುಸ್ತಕಗಳ ಚಿತ್ರಗಳನ್ನು ಪುಟ ಪುಟವಾಗಿ ತಿರುವಬೇಕು. ಬೇಸರದ ಕೆಲಸವೇ.

ದ್ವೀಪದ ಬೇರೆ ಬೇರೆ ಹೆಸರುಗಳನ್ನೂ ಕೈಯಲ್ಲಿಟ್ಟುಕೊಳ್ಳಿ: ಡಚ್ಚರ ಕಾಲದ ವಾರ್ಕೆನ್ಸ್ (ಹಂದಿಗಳ ದ್ವೀಪ), ಮ್ಯಾನಿಂಗ್, ಬ್ಲ್ಯಾಕ್‌ವೆಲ್, 1921ರಿಂದ ವೆಲ್ಫೇರ್, 1973ರಿಂದ ರೂಸ್‌ವೆಲ್ಟ್.

ಪ್ರಶ್ನೆ: ಒಂದೇ ಪತ್ರಕ್ಕೆ ಒಬ್ಬರು 1685 ಎನ್ನುತ್ತಾರೆ, ಇನ್ನೊಬ್ಬರು 1686. ಯಾವುದು ಸರಿ?

ಉತ್ತರ: ತಿಂಗಳು ನೋಡಿ. ಇಂಗ್ಲಿಷರ ಆಳ್ವಿಕೆಯಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಪತ್ರದಲ್ಲಿ ‘ಫೆಬ್ರವರಿ 1685’ ಎಂದಿದ್ದರೆ ಅದು ನಮ್ಮ ಲೆಕ್ಕಕ್ಕೆ 1686. ನಿಮ್ಮ ಟಿಪ್ಪಣಿಯಲ್ಲಿ 1685/86 ಎಂದು ಎರಡನ್ನೂ ಬರೆಯಿರಿ. ತಾರೀಖನ್ನು ಮಾತ್ರ ತಿದ್ದಲು ಹೋಗಬೇಡಿ, ಮೂಲದಲ್ಲಿದ್ದಂತೆ ಇರಲಿ. ಡಚ್ ಬರಹಗಾರರು ಜನವರಿ 1ರಿಂದಲೇ ವರ್ಷ ಎಣಿಸುತ್ತಿದ್ದರು, ಅವರ ಪಂಚಾಂಗ ಇಂಗ್ಲಿಷರದಕ್ಕಿಂತ ಹತ್ತು ದಿನ ಮುಂದೆ. 1673ರ ಆಗಸ್ಟ್‌ನಿಂದ 1674ರ ನವೆಂಬರ್‌ವರೆಗೆ ನ್ಯೂಯಾರ್ಕ್ ಮತ್ತೆ ಡಚ್ಚರ ಕೈಯಲ್ಲಿತ್ತಲ್ಲ, ಆ ಹದಿನೈದು ತಿಂಗಳ ಕಾಗದಗಳಲ್ಲೇ ಹೆಚ್ಚು ಜನ ಎಡವುವುದು.

ಪ್ರಶ್ನೆ: ರೈಕರ್ಸ್ ದ್ವೀಪದ ಮೂಲ ಮಾಲೀಕನ ಹೆಸರು ‘ರೈಕರ್’ ಎಂದು ಹುಡುಕಿದರೆ ಏನೂ ಬರುವುದಿಲ್ಲ.

ಉತ್ತರ: ಅಬ್ರಹಾಂ ರೈಕೆನ್ ಎಂದು ಹುಡುಕಿ. ರೈಕರ್ ಎಂಬುದು ಆಮೇಲೆ ಬಂದ ರೂಪ. ಅಕ್ಷರ ಹೆಚ್ಚುಕಡಿಮೆಯಾದರೂ ಹಿಡಿಯುವಂತೆ ಹೆಸರಿನ ನಡುವೆ ನಕ್ಷತ್ರ ಚಿಹ್ನೆ ಹಾಕಿ. ಡಚ್ ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಹೆಂಗಸರಿಗೆ ತವರಿನ ಹೆಸರೇ ಇರುತ್ತದೆ. ಅಲ್ಲಿ ಸಾಕ್ಷಿಗಳ ಸಾಲನ್ನೂ ಓದಿ, ಸಾಮಾನ್ಯವಾಗಿ ನೆಂಟರೇ ನಿಂತಿರುತ್ತಾರೆ.

ಪ್ರಶ್ನೆ: ಎಲ್ಲಿಸ್ ದ್ವೀಪದ ಸ್ಯಾಮ್ಯುಯೆಲ್ ಎಲ್ಲಿಸ್ ನಂತರ ಆ ಹೆಸರಿನ ಮಾಲೀಕ ಏಕೆ ಕಾಣುವುದಿಲ್ಲ?

ಉತ್ತರ: ಹೆಸರು ನಿಂತುಹೋದೀತೆಂದು ಅವನೇ ಭಯಪಟ್ಟಿದ್ದ. 1794ರಲ್ಲಿ ತೀರಿಕೊಂಡಾಗ ಮಗಳು ಕ್ಯಾಥರಿನ್ ವೆಸ್ಟರ್‌ವೆಲ್ಟ್ ಗರ್ಭಿಣಿ. ಗಂಡು ಹುಟ್ಟಿದರೆ ದ್ವೀಪ ಅವನಿಗೆ, ಆ ಮಗುವಿಗೆ ಸ್ಯಾಮ್ಯುಯೆಲ್ ಎಲ್ಲಿಸ್ ಎಂದೇ ಹೆಸರಿಡಬೇಕು ಎಂದು ಉಯಿಲಿನಲ್ಲಿತ್ತು. ಗಂಡೇ ಹುಟ್ಟಿತು, ಹೆಸರನ್ನೂ ಇಟ್ಟರು, ಎಳೆತನದಲ್ಲೇ ಹೋಯಿತು. ಆಮೇಲೆ ಮನೆಯವರಲ್ಲಿ ವ್ಯಾಜ್ಯ. ಅದಕ್ಕೇ ನೀವು ಹುಡುಕಬೇಕಾದ್ದು ಎಲ್ಲಿಸ್ ಅಲ್ಲ, ವೆಸ್ಟರ್‌ವೆಲ್ಟ್ ಮತ್ತು ಉಳಿದ ಹೆಣ್ಣುಮಕ್ಕಳು ಸೇರಿದ ಮನೆಗಳ ಹೆಸರು. 1808ರಲ್ಲಿ ನ್ಯೂಯಾರ್ಕ್ ರಾಜ್ಯ 10,000 ಡಾಲರಿಗೆ ದ್ವೀಪ ಪಡೆದ ದಾಖಲೆಯಿಂದ ಹಿಂದಕ್ಕೆ ಹೊರಡಿ.