‘ನನಗೆ ಮಾತು ಬರಲ್ಲ’ ಎನ್ನುವವರಿಗೆ

ಪ್ರಶ್ನೆ: ನನ್ನದು ಮದ್ದೂರಿನ ಕಡೆ ಹಳ್ಳಿ. ಮೈಸೂರಿನ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಕೆಲಸ ಚೆನ್ನಾಗಿ ಗೊತ್ತು, ಆದರೆ ಸೋಮವಾರದ ಮೀಟಿಂಗ್‌ನಲ್ಲಿ ಬಾಯಿ ಬಿಡುವುದಿಲ್ಲ. ನನಗೆ ಮಾತು ಬರಲ್ಲ. ಬಾಯಿ ತೆರೆದರೆ ನಮ್ಮೂರ ಭಾಷೆಯೇ ಬಂದು ಎಲ್ಲರೂ ನಗುತ್ತಾರೆ ಎಂಬ ಅಳುಕು. ‘ನಾನು ಒಳ್ಳೆಯ ಮಾತುಗಾರ’ ಎಂದು ಒಂದೂವರೆ ತಿಂಗಳು ಕನ್ನಡಿ ಮುಂದೆ ಹೇಳಿಕೊಂಡೆ. ಪ್ರಯೋಜನವಾಗಲಿಲ್ಲ.
– ಓದುಗ, ಮೈಸೂರು

ಉತ್ತರ: ಕನ್ನಡಿ ಮುಂದಿನ ಪಾಠವನ್ನು ಇವತ್ತೇ ನಿಲ್ಲಿಸಿ. ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ತಮ್ಮ ಬಗ್ಗೆ ಕೀಳರಿಮೆ ಇದ್ದವರಲ್ಲಿ, ಇಂಥ ಹೊಗಳಿಕೆಯ ವಾಕ್ಯ ಹೇಳಿಕೊಂಡವರ ಮನಸ್ಸು ಹೇಳಿಕೊಳ್ಳದವರಿಗಿಂತ ಹೆಚ್ಚು ಕುಗ್ಗಿತ್ತು. ‘ನಾನು ಮಾತುಗಾರ’ ಎಂದೊಡನೆ ಒಳಗಿನಿಂದ ‘ಎಲ್ಲಿ, ಹೋದ ಸೋಮವಾರ ಏನಾಯ್ತು?’ ಎಂಬ ಉತ್ತರ ಬರುತ್ತದೆ. ದಿನಕ್ಕೆ ಹತ್ತು ಸಲ ಹೇಳಿದರೆ ಹತ್ತು ಸಲ ಆ ಉತ್ತರ ಕೇಳಿಸಿಕೊಂಡಂತಾಯಿತು.

ನಿಮ್ಮ ಪತ್ರದಲ್ಲಿರುವ ‘ಬರಲ್ಲ’ ಎಂಬ ಪದವನ್ನೇ ನೋಡಿ. ಕಲಿತಿಲ್ಲ, ಆಗುವುದಿಲ್ಲ, ಅವತ್ತು ಮಾಡಲಿಲ್ಲ ಎಂಬ ಮೂರೂ ಅರ್ಥ ಅದರಲ್ಲಿ ಅಡಗಿವೆ. ನಿಜವಾಗಿ ನಡೆದದ್ದು ಮೂರನೆಯದು ಮಾತ್ರ. ಅದನ್ನು ‘ಹೋದ ಮೂರು ಸೋಮವಾರ ನಾನು ಮಾತಾಡಲಿಲ್ಲ’ ಎಂದು ಬರೆಯಿರಿ. ಇದನ್ನು ಪರಿಶೀಲಿಸಬಹುದು, ಬದಲಿಸಬಹುದು. ‘ಬರಲ್ಲ’ ಎಂಬುದನ್ನು ಎಲ್ಲಿಂದ ಹಿಡಿದು ಬದಲಿಸುತ್ತೀರಿ?

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮೀಟಿಂಗ್ ಮುಗಿದ ಅರ್ಧ ಗಂಟೆಯೊಳಗೆ ನಾಲ್ಕೇ ಸಾಲು: ಏನು ನಡೆಯಿತು (ಕ್ಯಾಮೆರಾಗೆ ಸಿಗುವಷ್ಟು ಮಾತ್ರ), ಮನಸ್ಸಿನಲ್ಲಿ ಯಾವ ಮಾತು ಓಡಿತು, ಮೈಯಲ್ಲಿ ಏನಾಯಿತು, ನೀವೇನು ಮಾಡಿದಿರಿ. ರಾತ್ರಿಗೆ ಬಿಟ್ಟರೆ ನೆನಪಿಗೆ ಬಣ್ಣ ಬಂದಿರುತ್ತದೆ. ಕ್ಯಾಂಟೀನು, ಫೋನು ಎಲ್ಲ ಸೇರಿ ಇಂಥ ಆರೇಳು ಸಂದರ್ಭ ಬರೆದ ಮೇಲೆ ಎರಡನೆಯ ಸಾಲುಗಳನ್ನಷ್ಟೇ ಓದಿ. ಒಂದೇ ಮಾತು ಮತ್ತೆ ಮತ್ತೆ ಬಂದಿರುತ್ತದೆ. ಅದಕ್ಕೆ ‘ಹಾಗಾದರೆ ಏನಾಗುತ್ತದೆ?’ ಎಂದು ಎರಡು ಮೂರು ಸಲ ಕೇಳಿಕೊಳ್ಳಿ. ಭಾಷೆ ತಪ್ಪುತ್ತದೆ, ಹಾಗಾದರೆ? ನಗುತ್ತಾರೆ, ಹಾಗಾದರೆ? ಇವನಿಗೆ ಕೆಲಸವೇ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ತಳದಲ್ಲಿ ಸಿಕ್ಕಿದ್ದೇ ನಿಮ್ಮನ್ನು ಕಟ್ಟಿಹಾಕಿರುವ ನಂಬಿಕೆ. ಅಂದರೆ ತೊಡಕು ಭಾಷೆಯದ್ದಲ್ಲ, ಕೆಲಸದ ಬಗ್ಗೆ ಇರುವ ಭಯದ್ದು.

ಇದರ ಜೊತೆ ವಾದಕ್ಕಿಳಿಯಬೇಡಿ, ಪರೀಕ್ಷೆಗೆ ಒಡ್ಡಿ. ‘ಈ ಸೋಮವಾರ ರಿಜೆಕ್ಷನ್ ಲೆಕ್ಕ ಒಂದೇ ವಾಕ್ಯದಲ್ಲಿ ಹೇಳುತ್ತೇನೆ. ಎಂಟು ಜನರಲ್ಲಿ ನಾಲ್ವರಾದರೂ ನಗುತ್ತಾರೆ ಅಥವಾ ಮುಖಮುಖ ನೋಡಿಕೊಳ್ಳುತ್ತಾರೆ’ ಎಂದು ಮೊದಲೇ ಬರೆದಿಡಿ. ಅದು ನಿಜವಾಗುತ್ತದೆಂಬ ನಂಬಿಕೆ 100ಕ್ಕೆ ಎಷ್ಟು ಎಂದೂ ಬರೆಯಿರಿ; 80 ಇರಬಹುದು. ಮೀಟಿಂಗ್ ಆದ ಮೇಲೆ ಎಣಿಸಿ, ಮತ್ತೆ ಅಂಕ ಹಾಕಿ. 80 ಇದ್ದದ್ದು 65ಕ್ಕೆ ಬಂದರೂ ಒಂದು ವಾರಕ್ಕೆ ಅದು ದೊಡ್ಡ ಇಳಿತ.

ಬಹಳ ಜನ ಸೋಲುವುದು ಇಲ್ಲಿಯೇ. ಮಾತಾಡಿರುತ್ತಾರೆ, ಯಾರೂ ನಕ್ಕಿರುವುದಿಲ್ಲ, ಆದರೂ ಅಂಕ ಇಳಿಯುವುದಿಲ್ಲ. ಕಾರಣವನ್ನು ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದ್ದಾರೆ: ಅಳುಕಿರುವವರು ಅಪಾಯ ತಪ್ಪಿಸಿಕೊಳ್ಳಲು ಗುಟ್ಟಾಗಿ ಕೆಲವು ಉಪಾಯ ಮಾಡುತ್ತಾರೆ. ವಾಕ್ಯವನ್ನು ತಲೆಯೊಳಗೆ ಐದಾರು ಸಲ ಒಪ್ಪಿಸಿಕೊಳ್ಳುವುದು, ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳಿ ಮುಗಿಸುವುದು, ಪೆನ್ನು ಹಿಂಡುವುದು. ಎಲ್ಲ ಸುಸೂತ್ರವಾಗಿ ನಡೆದರೆ ‘ತಲೆ ತಗ್ಗಿಸಿದ್ದಕ್ಕೆ ಬಚಾವಾದೆ’ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದ್ದರಿಂದ ಪ್ರತಿ ಪರೀಕ್ಷೆಯಲ್ಲೂ ಇಂಥ ಒಂದು ಉಪಾಯವನ್ನು ಬೇಕೆಂದೇ ಕೈಬಿಡಿ. ಮೊದಲ ವಾರ ತಲೆ ಎತ್ತಿ ಹೇಳಿ, ಮುಂದಿನ ವಾರ ಒಪ್ಪಿಸಿಕೊಳ್ಳದೆ ಹೇಳಿ. ಫಲಿತಾಂಶವನ್ನು ನಿಮ್ಮ ಎದೆಬಡಿತದಿಂದ ಅಳೆಯಬೇಡಿ. ಎದೆ ಹೊಡೆದುಕೊಂಡದ್ದು ಎದುರಿನವರಿಗೆ ಕಾಣುವುದಿಲ್ಲ. ಅವರ ಮುಖ ನೋಡಿ ಎಣಿಸಿ.

ಎಲ್ಲರೂ ನಮ್ಮನ್ನೇ ಗಮನಿಸುತ್ತಾರೆಂಬ ಲೆಕ್ಕವೂ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮುಜುಗರದ ಟೀ ಶರ್ಟ್ ತೊಟ್ಟ ವಿದ್ಯಾರ್ಥಿಗಳು, ಕೋಣೆಯಲ್ಲಿದ್ದ ಅರ್ಧದಷ್ಟು ಜನ ಅದನ್ನು ಗುರುತಿಸುತ್ತಾರೆ ಎಂದುಕೊಂಡಿದ್ದರು. ಗುರುತಿಸಿದವರು ಕಾಲು ಭಾಗ.

ನಿಜವಾಗಿಯೂ ಒಬ್ಬರು ನಕ್ಕರೆ? ಅದನ್ನೂ ಬರೆಯಿರಿ, ಅದರ ಮುಂದಿನ ನಿಮಿಷವನ್ನೂ ಬರೆಯಿರಿ. ನೀವು ಹೇಳಿದ ಅಂಕಿ ಅವರಿಗೆ ಅರ್ಥವಾಯಿತೇ, ಬಳಕೆಯಾಯಿತೇ? ‘ಬತ್ತೀನಿ’ ಅಂದವನ ಅಂಕಿಯೂ ‘ಬರುತ್ತೇನೆ’ ಅಂದವನ ಅಂಕಿಯೂ ಒಂದೇ ತೂಕದವು. ಮಂಡ್ಯದ ಮಾತನ್ನು ತಿದ್ದಿಕೊಂಡ ಮೇಲೆ ಬಾಯಿ ತೆರೆಯುತ್ತೇನೆ ಎಂದು ಕಾಯುವುದೂ ಒಂದು ತಪ್ಪಿಸಿಕೊಳ್ಳುವ ಉಪಾಯವೇ.

ಪ್ರಶ್ನೆ: ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮದು ನಾಲೆ ಬಯಲಿನ ಜಮೀನು. ಕಬ್ಬಿಗೆ ಡ್ರಿಪ್ ಹಾಕೋಣ ಅಂದರೆ ಅಪ್ಪನ ಜೊತೆ ಜಗಳ. ‘ನೀವು ಯಾವತ್ತೂ ನನ್ನ ಮಾತು ಕೇಳೋದೇ ಇಲ್ಲ’ ಎನ್ನುತ್ತೇನೆ, ಅವರು ಎದ್ದು ಹೋಗುತ್ತಾರೆ.

ಉತ್ತರ: ‘ಯಾವತ್ತೂ’ ಮತ್ತು ‘ಕೇಳೋದೇ’ಯಲ್ಲಿರುವ ‘ಏ’ಕಾರ, ಈ ಎರಡು ಸೇರಿದ ವಾಕ್ಯಕ್ಕೆ ಅಪ್ಪ ಕೊಡಬಹುದಾದ ಉತ್ತರ ಒಂದೇ: ನೀನು ಹುಟ್ಟಿದಾಗಿನಿಂದ ಏನೇನು ಕೇಳಿದ್ದೇನೆ ಎಂಬ ಪಟ್ಟಿ. ಡ್ರಿಪ್ ಅಲ್ಲಿಗೆ ಮರೆತುಹೋಗುತ್ತದೆ.

ಕಂಡದ್ದನ್ನು, ನಿಮಗಾದದ್ದನ್ನು, ಬೇಕಾದದ್ದನ್ನು ಬಿಡಿಸಿ ಹೇಳಿ. ‘ಅಪ್ಪ, ಭಾನುವಾರ ಡ್ರಿಪ್ ವಿಷಯ ತೆಗೆದಾಗ ನೀವು ಎದ್ದು ಕೊಟ್ಟಿಗೆಗೆ ಹೋದ್ರಿ. ನನಗೆ ಬೇಜಾರಾಯ್ತು. ಅರ್ಧ ಎಕರೆಗೆ ಮಾತ್ರ ಹಾಕಿದರೆ ಖರ್ಚೆಷ್ಟು ಅಂತ ನಾಳೆ ಹತ್ತು ನಿಮಿಷ ಕೂತು ನೋಡೋಣವಾ?’ ಇದರಲ್ಲಿ ಅವರು ಅಲ್ಲಗಳೆಯುವಂಥದ್ದೇನೂ ಇಲ್ಲ, ಹೂಂ ಅಥವಾ ಊಹೂಂ ಅನ್ನಬಹುದಾದ ಕೋರಿಕೆ ಇದೆ.

ಕನ್ನಡದಲ್ಲಿ ಇದು ಸಲೀಸು, ಏಕೆಂದರೆ ನಮ್ಮಲ್ಲಿ ಸಿಟ್ಟು ‘ಬರುತ್ತದೆ’, ಬೇಜಾರು ‘ಆಗುತ್ತದೆ’. ಯಾರ ಮೇಲೂ ಹೊರೆ ಹಾಕದೆ ಹೇಳಬಹುದು. ಆದರೆ ‘ಅನ್ನಿಸುತ್ತೆ’ ಎಂಬ ಪದದ ಬಗ್ಗೆ ಎಚ್ಚರವಿರಲಿ. ‘ನೀವು ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನ್ನಿಸುತ್ತೆ’ ಎಂಬುದು ಭಾವನೆಯ ವೇಷ ಹಾಕಿದ ಆರೋಪ. ವಾಕ್ಯದಲ್ಲಿ ಬೇಜಾರು, ಸಿಟ್ಟು, ಭಯ, ನಾಚಿಕೆ ಇಂಥ ಒಂದು ಹೆಸರಿದೆಯೇ ಎಂದು ನೋಡಿಕೊಳ್ಳಿ.

ಇನ್ನರ್ಧ ಕೆಲಸ ಕೇಳುವುದು. ಅವರು ಆಕ್ಷೇಪಿಸಿದಾಗ ಉತ್ತರ ಕೊಡುವ ಮೊದಲು ಅವರ ಮಾತನ್ನೇ ತಿರುಗಿ ಹೇಳಿ: ‘ಇಲಿ ಪೈಪು ಕಡಿದರೆ ಬೆಳೆ ಒಣಗುತ್ತೆ ಅಂತ ನಿಮ್ಮ ಚಿಂತೆ, ಅಲ್ವಾ?’ ಅವರಿಂದ ‘ಹೂಂ’ ಬರುವ ತನಕ ನಿಮ್ಮ ವಾದ ಎತ್ತಬೇಡಿ. ಆ ಚಿಂತೆ ನ್ಯಾಯವಾದದ್ದೂ ಹೌದು.

ದವಡೆ ಬಿಗಿಯಾಗಿ ದನಿ ಏರುತ್ತಿರುವುದು ಗೊತ್ತಾದರೆ ಮಾತು ನಿಲ್ಲಿಸಿ, ಆದರೆ ಸುಮ್ಮನೆ ಎದ್ದು ಹೋಗಬೇಡಿ. ‘ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಹೊತ್ತು ಹೇಳಿ ಹೋಗಿ, ಆ ಹೊತ್ತಿಗೆ ವಾಪಸ್ ಬನ್ನಿ. ನಡುವೆ ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ಬಿಡುವುದನ್ನು ಮೂರು ನಿಮಿಷ ಮಾಡಿ. ಒಳಗೇ ಜಗಳ ಮುಂದುವರಿಸಿದರೆ ಆ ಅರ್ಧ ಗಂಟೆ ವ್ಯರ್ಥ.

ಪ್ರಶ್ನೆ: ಮನಸ್ಸಿನ ಡೈರಿ ಬರೆಯತೊಡಗಿದ ಮೇಲೆ ಕೊರಗು ಹೆಚ್ಚಾಗಿದೆ. ಬಿಡಲೇ?

ಉತ್ತರ: ‘ನಾನು ಯಾಕೆ ಹೀಗೆ?’ ಎಂದು ಬರೆಯುತ್ತಿದ್ದರೆ ಬಿಡಿ. ‘ಯಾಕೆ’ಗೆ ಕೊನೆಯಿಲ್ಲ, ಮನಸ್ಸು ಗಾಣದೆತ್ತಿನಂತೆ ಸುತ್ತುತ್ತದೆ. ‘ಏನಾಯಿತು, ಈಗ ಏನು ಮಾಡಬಹುದು’ ಎಂಬುದಕ್ಕೆ ಬದಲಿಸಿ. ಹತ್ತು ನಿಮಿಷಕ್ಕೆ ಅಲಾರಂ ಇಡಿ, ಬರೆದದ್ದೇ ಮತ್ತೆ ಬಂದರೆ ಅದಕ್ಕೂ ಮೊದಲೇ ಮುಚ್ಚಿ, ಮಲಗುವ ಹೊತ್ತಿನಲ್ಲಿ ಬೇಡ. ಎರಡು ವಾರಕ್ಕೂ ಮೀರಿ ಬೇಸರ ಬಿಡದೆ, ನಿದ್ದೆ ಊಟ ಕೆಟ್ಟಿದ್ದರೆ ಇದು ನೋಟ್‌ಬುಕ್ಕಿನ ಕೆಲಸವಲ್ಲ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಎರಡು ವಾರ ಕಾಯದೆ ಅವತ್ತೇ ಕರೆ ಮಾಡಿ.

ಪ್ರಶ್ನೆ: ಮಗಳಿಗೆ 12 ವರ್ಷ, ತೊದಲು. ಆತ್ಮವಿಶ್ವಾಸದ ತರಬೇತಿಗೆ ಸೇರಿಸಬೇಕೇ?

ಉತ್ತರ: ಮೊದಲು ವಾಕ್ ಚಿಕಿತ್ಸಕರ ತಪಾಸಣೆ. ತೊದಲು ಧೈರ್ಯದ ಕೊರತೆಯಿಂದ ಬರುವಂಥದ್ದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಮನೆಯಲ್ಲಿ ಅವಳ ವಾಕ್ಯವನ್ನು ನೀವು ಮುಗಿಸಿಕೊಡಬೇಡಿ, ‘ನಿಧಾನ, ನಿಧಾನ’ ಎನ್ನಬೇಡಿ. ನೀವೇ ನಿಧಾನವಾಗಿ ಮಾತಾಡಿ, ಅವಳು ಮುಗಿಸುವವರೆಗೆ ಮುಖ ನೋಡುತ್ತ ಕೇಳಿ.