ಆಪರೇಷನ್ ಆಯ್ತಲ್ಲ, ಇನ್ನೇನು ನೋವು?

ಪ್ರಶ್ನೆ: ಅಕ್ಕಾವ್ರಿಗೆ ನಮಸ್ಕಾರ. ನಮ್ಮದು ಶಹಾಪುರದ ಹತ್ತಿರ ಒಂದು ಊರು. ಕಿರಾಣಿ ಅಂಗಡಿ ಇದೆ. ಹೋದ ತಿಂಗಳು ಒಂದು ರಾತ್ರಿ ನನ್ನ ಹೆಂಡತಿ ಎಡಪಕ್ಕೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದಳು, ಮೇಲಿಂದ ಮೇಲೆ ವಾಂತಿ. ಆಗಲೇ ಗಾಡಿ ಮಾಡಿಕೊಂಡು ಕಲಬುರಗಿಗೆ ಓಡಿದೆ. ಮೂತ್ರನಾಳದಲ್ಲಿ 9 ಮಿ.ಮೀ. ಹರಳು ಸಿಕ್ಕಿಕೊಂಡಿತ್ತು. ಕೆಲವು ದಿನ ಬಿಟ್ಟು ಲೇಸರ್ ಆಪರೇಷನ್ ಮಾಡಿ, ಸ್ಟೆಂಟ್ ಹಾಕಿ ಕಳಿಸಿದರು. ನಾಲ್ಕು ವಾರಕ್ಕೆ ತೆಗೆಯೋಣ ಅಂದಿದ್ದಾರೆ. ಈಗ ಹನ್ನೆರಡು ದಿನ ಆಗಿದೆ. ರಾತ್ರಿ ಆರೇಳು ಸಲ ಏಳುತ್ತಾಳೆ. ಮೂತ್ರಕ್ಕೆ ಹೋದರೆ ಸೊಂಟ ಹಿಡಿದು ಅಳುತ್ತಾಳೆ. ನೀರು ಕುಡಿ ಅಂದರೆ ಕುಡಿಯಲ್ಲ, ಹತ್ತಿರ ಹೋದರೆ ಬೇಡ ಅಂತಾಳೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಂಗಡಿ ನೋಡುತ್ತಿದ್ದವಳು ಅವಳೇ, ಈಗ ಎಲ್ಲಾ ನನ್ನ ತಲೆ ಮೇಲೆ. "ನಾವು ನಾಕು ಹಡದೀವಿ, ಹಿಂಗ ಮಲಗಿಲ್ಲ" ಅಂತ ಅವ್ವ ಗೊಣಗುತ್ತಾಳೆ. ಮೊನ್ನೆ ನಾನೂ ತಾಳ್ಮೆ ಕಳೆದುಕೊಂಡು "ಆಪರೇಷನ್ ಆಗ್ಯಾದಲ್ಲ, ಇನ್ನೂ ಏನು ನಾಟಕ ಹಚ್ಚೀದಿ" ಅಂದುಬಿಟ್ಟೆ. ಅವತ್ತಿನಿಂದ ಮಾತಿಲ್ಲ. ಸೇಡಂ ಹತ್ತಿರ ತವರಿದೆ, ಅಲ್ಲಿಗೆ ಹೋಗುತ್ತೇನೆ ಅಂತ ಕೂತಿದ್ದಾಳೆ. ಕಳಿಸಲೋ ಬೇಡವೋ?

ಉತ್ತರ: ಕಳಿಸಿ. ಆದರೆ ಈ ಮುನಿಸಿನಲ್ಲಿ ಬೇಡ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಹೆಂಡತಿಯ ಹೊಟ್ಟೆಯೊಳಗೆ ಈಗ ಏನಿದೆ ಅನ್ನೋದನ್ನು ಯಾರೂ ನಿಮಗೆ ಬಿಡಿಸಿ ಹೇಳಿದಂತಿಲ್ಲ. ಅದು ಮೊದಲು ಗೊತ್ತಾಗಲಿ.

ನಮ್ಮ ಕಡೆ ಮಂದಿ ಅನ್ನೋ ಹಾಗೆ, ಹಳ್ಳು ಹೋಗಿದೆ. ಆದರೆ ಅದಿದ್ದ ದಾರಿಯಲ್ಲಿ ಈಗ ಒಂದು ನಳಿಕೆ ಕೂತಿದೆ. ಡಿಜೆ ಸ್ಟೆಂಟ್ ಅಂತಾರೆ. ಮದುವೆ ಮೆರವಣಿಗೆಯ ಡಿಜೆ ಅಲ್ಲ. ಎರಡು ತುದಿಯೂ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಸುತ್ತಿಕೊಂಡಿರುತ್ತವೆ, ಅದಕ್ಕೇ ಡಬಲ್ ಜೆ. ಉದ್ದ ಹೆಚ್ಚುಕಮ್ಮಿ ಒಂದು ಗೇಣು. ಮೇಲಿನ ಸುರುಳಿ ಕಿಡ್ನಿಯಲ್ಲಿ, ಕೆಳಗಿನದು ಮೂತ್ರಕೋಶದಲ್ಲಿ. ಲೇಸರ್ ಆದ ಮೇಲೆ ನಾಳ ಬಾತು ಮುಚ್ಚಿಕೊಳ್ಳಬಾರದು, ಮೂತ್ರ ಇಳಿಯುತ್ತಿರಬೇಕು ಅಂತ ಇಟ್ಟಿರುತ್ತಾರೆ. ಕೆಳಗಿನ ಸುರುಳಿ ಮೂತ್ರಕೋಶದ ಗೋಡೆಗೆ ತಾಗಿದಾಗಲೆಲ್ಲ ಈಗಲೇ ಹೋಗಬೇಕು ಅನಿಸುತ್ತದೆ. ಹೋಗಿ ಕೂತರೆ ನಾಲ್ಕು ಹನಿ. ಮೂತ್ರ ಹೊರಗೆ ಬರುವಾಗ ನಳಿಕೆಯ ಮೂಲಕ ಒಂದಿಷ್ಟು ವಾಪಸ್ ಕಿಡ್ನಿಯ ಕಡೆಗೂ ಏರುತ್ತದೆ. ಅವರು ಸೊಂಟ ಹಿಡಿದುಕೊಳ್ಳೋದು ಆಗಲೇ. ಜಾಸ್ತಿ ಓಡಾಡಿದ ದಿನ ಮೂತ್ರ ಕೆಂಪಗೂ ಆಗಬಹುದು. ನಳಿಕೆ ಇರುವಷ್ಟು ದಿನ ಬಹಳ ಜನಕ್ಕೆ ಈ ತ್ರಾಸು ಇದ್ದದ್ದೇ.

ನಮ್ಮ ಮನೆಯವರಿಗೂ ಹಾಕಿದ್ದರು. ಬಚ್ಚಲಲ್ಲಿ ಎರಡೂ ಕೈ ಗೋಡೆಗೆ ಒತ್ತಿ, ಹಣೆ ಆನಿಸಿ ನಿಲ್ಲುತ್ತಿದ್ದರು. ಬಾಗಿಲಾಚೆ ನಾನು. ಮಗ್ ಕೆಳಗಿಟ್ಟ ಸದ್ದು ಕೇಳಿದರೆ ಸದ್ಯ, ಈ ಸಲದ್ದು ಮುಗಿಯಿತು ಅಂದುಕೊಳ್ಳುತ್ತಿದ್ದೆ. ಅಂಥ ನಾನೇ ಒಂದು ದಿನ "ಇಷ್ಟ್ಯಾಕ ಮಾಡ್ತೀರಿ" ಅಂದಿದ್ದೆ. ಹಾಗಾಗಿ ನಿಮ್ಮನ್ನು ಬೈಯೋಕೆ ನನಗೂ ಬಾಯಿಲ್ಲ.

ಅರ್ಧರಾತ್ರಿ ಗಾಡಿ ಮಾಡಿಕೊಂಡು ಓಡಿದವರು ನೀವೇ. ಅವತ್ತು ನೋವು ನಿಮ್ಮ ಕಣ್ಣೆದುರು ನೆಲದ ಮೇಲೆ ಹೊರಳಾಡುತ್ತಿತ್ತು. ಈಗ ಬಚ್ಚಲ ಬಾಗಿಲ ಹಿಂದಿದೆ, ಅದಕ್ಕೇ ನಾಟಕ ಅನಿಸಿತು. ಹೋಗಿ, "ನನಗ ಗೊತ್ತಿರಲಿಲ್ಲ, ಹಂಗ ಅನಬಾರದಿತ್ತು" ಅನ್ನಿ. ಅಲ್ಲಿಗೆ ನಿಲ್ಲಿಸಿ. "ಆದ್ರ ನೀನೂ..." ಅಂತ ಬಾಲ ಸೇರಿಸಬೇಡಿ. ನಾಟಕ ಅಂದದ್ದು ಅವ್ವನ ಎದುರಿಗೇ ಆಗಿದ್ದರೆ ಇದನ್ನೂ ಅವರ ಎದುರಿಗೇ ಹೇಳಿ.

ಅವ್ವನಿಗೆ ವಾದ ಮಾಡಿ ಒಪ್ಪಿಸೋಕೆ ಹೋಗಬೇಡಿ. ಗೇಣುದ್ದದ ನಳಿಕೆ ಇನ್ನೂ ಒಳಗದೆ ಅಂತ ಕೈಯಲ್ಲಿ ಅಳತೆ ತೋರಿಸಿ, ಸಾಕು. ಹಡೆಯೋ ಬ್ಯಾನಿಯನ್ನೂ ಹಳ್ಳಿನ ಬ್ಯಾನಿಯನ್ನೂ ಕಂಡ ಹೆಂಗಸರು ಹಡೆಯೋದೇ ವಾಸಿ ಅಂದದ್ದನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ.

ಹತ್ತಿರ ಬೇಡ ಅನ್ನೋದನ್ನು ಮಾತ್ರ ಮುನಿಸಿನ ಲೆಕ್ಕಕ್ಕೆ ಸೇರಿಸಬೇಡಿ. ಆ ನಳಿಕೆ ಇರುವಾಗ ಗಂಡ ಹೆಂಡತಿ ಕೂಡುವುದೂ ನೋವೇ. ತೆಗೆದು, ಅವರಿಗೆ ಹಾಯ್ ಅನಿಸುವವರೆಗೆ ಸುಮ್ನೆ ಪಕ್ಕದಲ್ಲಿ ಮಲಗಿ.

ಇಷ್ಟು ನೋವಿದ್ದರೂ ನಾಲ್ಕು ವಾರ ಹಲ್ಲು ಕಚ್ಚಿಕೊಂಡು ಕೂರಬೇಕಿಲ್ಲ. ಡಾಕ್ಟರಿಗೆ ಹೇಳಿದಿರಾ? ಪತ್ರದಲ್ಲಿ ಅದಿಲ್ಲ. ಸ್ಟೆಂಟಿನಿಂದಾಗುವ ಮೂತ್ರದ ಅವಸರ, ಉರಿ ತಗ್ಗಿಸುವ ಮಾತ್ರೆಗಳಿವೆ, ಅವರು ಬರೆದುಕೊಡುತ್ತಾರೆ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗಿಸೋದು ಬೇಡ, ಅದು ಕಿಡ್ನಿಗೇ ಪೆಟ್ಟು. ಚಳಿ ಬಂದು ಜ್ವರ ಏರಿದರೆ, ಮೂತ್ರ ಕಟ್ಟಿದರೆ, ರಕ್ತ ಗಡ್ಡೆಗಡ್ಡೆಯಾಗಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮೊದಲ ಸಲ ಓಡಿದ ಹಾಗೇ ಓಡಿ.

ಸ್ಟೆಂಟ್ ತೆಗೆಯುವ ತಾರೀಖನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ. ನೋವು ತಗ್ಗಿತು ಅಂತ ಮರೆತವರಿದ್ದಾರೆ. ತಿಂಗಳುಗಟ್ಟಲೆ ಬಿಟ್ಟರೆ ನಳಿಕೆಯ ಮೇಲೇ ಹರಳು ಕಟ್ಟುತ್ತದೆ, ಅದನ್ನು ಬಿಡಿಸೋಕೆ ಇನ್ನೊಂದು ಆಪರೇಷನ್. ತಾರೀಖಿಗೆ ಸರಿಯಾಗಿ ಹೋದರೆ ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ.

ಇನ್ನು ನೀರು. ಕುಡಿದರೆ ಹೋಗಬೇಕು, ಹೋದರೆ ನೋವು. ಅದಕ್ಕೆ ಕುಡಿಯುತ್ತಿಲ್ಲ. ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಉರಿ ಇನ್ನೂ ಜಾಸ್ತಿ. ಒಮ್ಮೆಲೇ ತಂಬಿಗೆ ಹಿಡಿಯಬೇಡಿ, ಗಂಟೆಗೊಂದು ಲೋಟ ಕೊಡಿ, ನಡುವೆ ಲಿಂಬೆರಸ.

ಹರಳು ಮತ್ತೆ ಆಗದಿರಬೇಕಾದರೆ ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗಬೇಕು. ನಮ್ಮ 42 ಡಿಗ್ರಿ ಬಿಸಿಲಿನಲ್ಲಿ ಕುಡಿದದ್ದರಲ್ಲಿ ಎಷ್ಟೋ ಬೆವರಾಗಿ ಹೋಗುತ್ತದೆ, ಮೂರು ಲೀಟರ್ ಕುಡಿದರೂ ಕೆಲವು ದಿನ ಸಾಲದು. ಈಗ ನನ್ನದೊಂದು ಪ್ರಶ್ನೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರು ಕೂರುತ್ತಿದ್ದ ನಿಮ್ಮ ಅಂಗಡಿಯಲ್ಲಿ ಶೌಚಾಲಯ ಇದೆಯಾ? ಗಂಡಸರಿಗೆ ಹಿಂದಿನ ಗೋಡೆ ಸಾಕಾಗುತ್ತದೆ. ಹೆಂಗಸರು ಏನು ಮಾಡುತ್ತಾರೆ ಗೊತ್ತಾ? ನೀರು ಕುಡಿಯೋದು ಬಿಡುತ್ತಾರೆ. ಹರಳಿಗೆ ಕಾರಣ ಹತ್ತಾರು ಇರಬಹುದು, ಆದರೆ ಈ ಒಂದು ಕಾರಣ ನಿಮ್ಮ ಕೈಯಲ್ಲಿದೆ. ಶೌಚಾಲಯ ಕಟ್ಟಿಸಿ. ಇಲ್ಲದಿದ್ದರೆ ಅವರು ಎದ್ದು ಹೋಗಿ ಬರುವಷ್ಟು ಹೊತ್ತು ಗಲ್ಲಾಪೆಟ್ಟಿಗೆ ನೋಡೋಕೆ ಒಬ್ಬರನ್ನು ಇಡಿ.

ಊಟದ್ದು ಬಹಳ ಹೇಳಲ್ಲ. ಹರಳು ಅಂದ ತಕ್ಷಣ ಹಾಲು ಮಜ್ಜಿಗೆ ಬಿಡಿಸೋರು ಇರುತ್ತಾರೆ, ಅದು ತಪ್ಪು. ಊಟದ ಜೊತೆ ಹೋದ ಸುಣ್ಣದಂಶ ಪಾಲಕ್, ಶೇಂಗಾದಲ್ಲಿರುವ, ಹರಳು ಕಟ್ಟಿಸುವ ಆಕ್ಸಲೇಟ್ ಅನ್ನೋ ಅಂಶವನ್ನು ಕರುಳಲ್ಲೇ ಹಿಡಿದುಕೊಳ್ಳುತ್ತದೆ. ರೊಟ್ಟಿ ಜೊತೆ ಶೇಂಗಾ ಹಿಂಡಿಗೆ ಮೊಸರು ಕಲಸಿಕೊಳ್ಳುತ್ತೇವಲ್ಲ, ಅದು ಸರಿಯಾದ ರೂಢಿಯೇ. ಹಿಂಡಿ ಮಾತ್ರ ಸ್ವಲ್ಪ ಇರಲಿ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿ. ತೆಗೆದ ಹರಳಿನ ಚೂರು ಟೆಸ್ಟಿಗೆ ಕಳಿಸಿದ್ದಾರಾ ಕೇಳಿ, ಯಾವ ಜಾತಿಯದು ಗೊತ್ತಾದರೆ ಏನು ಬಿಡಬೇಕು ಅಂತ ಡಾಕ್ಟರೇ ಹೇಳುತ್ತಾರೆ.

ಇನ್ನು ತವರಿನ ಮಾತು. ನಾಲ್ಕು ದಿನ ಯಾರ ಗೊಣಗಾಟವೂ ಇಲ್ಲದೆ ಮಲಗಬೇಕು ಅಂತ ಅವರಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನು? ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಿ. ತಪ್ಪಾಯ್ತು ಅಂದ ಮೇಲೆ ಕೇಳಿ, ಆಗಲೂ ಹೋಗಬೇಕು ಅಂದರೆ ಅಂಗಡಿ ಒಂದು ದಿನ ಮುಚ್ಚಿ ನೀವೇ ಬಿಟ್ಟುಬನ್ನಿ. ಆಸ್ಪತ್ರೆ ಫೈಲು, ಮಾತ್ರೆ, ತಾರೀಖು ಬರೆದ ಚೀಟಿ ಜೊತೆಗಿರಲಿ. ಬೈಕ್ ಬೇಡ, ಆ ದಾರಿಯ ಕುಲುಕಾಟ ಅವರಿಗೆ ಆಗದು. ಬಸ್ಸಿಗೆ ಹೋಗಿ. ಯಾದಗಿರಿ ಸ್ಟ್ಯಾಂಡಿನಲ್ಲಿ ಇಳಿದಾಗ ಸೇಡಂ ಬಸ್ಸು ಹೊರಟು ನಿಂತಿದ್ದರೂ ಹೋಗಲಿ ಬಿಡಿ. ಅವರು ಶೌಚಾಲಯಕ್ಕೆ ಹೋಗಿ ಬರುವವರೆಗೆ ಬ್ಯಾಗು, ನೀರಿನ ಬಾಟಲಿ ಹಿಡಿದುಕೊಂಡು ಹೊರಗೆ ನಿಂತಿರಿ.