ಹೊಳೆ ಬಂದು ಶಾಲೆ ಸೇರಿರುವ ಹೆಂಗಸರಿಗೆ ಕಿಟ್‌ನಲ್ಲಿ ಏನೇನು ಹಾಕಿ ಕೊಡಬೇಕು?

2019ರ ಆಗಸ್ಟ್‌ನಲ್ಲಿ ನಾನೂ ಇದನ್ನೇ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದೆ. ಎಲ್ಲರೂ ಪ್ಯಾಡ್ ಅಂದರು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭಾ ಹೊಳೆ ಕೊಣ್ಣೂರಿಗೆ ನುಗ್ಗಿದ ಹೊತ್ತು ಅದು. ಹುಬ್ಬಳ್ಳಿಯಲ್ಲಿ ಚಂದಾ ಎತ್ತಿ, ಟಾಟಾ ಏಸ್ ತುಂಬ ಪ್ಯಾಡ್ ಹೇರಿಕೊಂಡು ನರಗುಂದದ ಕಡೆ ಹೊರಟೆವು.

ಜನ ಉಳಿದಿದ್ದ ಶಾಲೆಯಲ್ಲಿ ಒಬ್ಬರಿಗೊಂದು ಪಾಕೀಟು ಹಂಚಿದೆವು. ಸಂಜೆ ನೋಡಿದರೆ ಅರ್ಧಕ್ಕರ್ಧ ಕಿಟಕಿ ಕಟ್ಟೆ ಮೇಲೆ ಹಾಗೇ ಬಿದ್ದಿದ್ದವು. ನನಗೆ ಸಿಟ್ಟೇ ಬಂತು. ಒಬ್ಬ ಅಕ್ಕ ನನ್ನನ್ನು ಕಂಬದ ಮರೆಗೆ ಕರೆದು, ಪ್ಯಾಡ್ ತಿರುಗಿಸಿ ಅಂಟು ತೋರಿಸಿದರು. "ಇದನ್ನ ಎದಕ್ಕ ಅಂಟಸೂದು ತಂಗಿ?"

ಚಡ್ಡಿ ತಂದಿರಲಿಲ್ಲ! ಸೀರೆ ಉಡುವ ಎಷ್ಟೋ ಹೆಂಗಸರು ಚಡ್ಡಿ ಹಾಕುವುದಿಲ್ಲ. ಸೊಂಟಕ್ಕೆ ದಾರ ಕಟ್ಟಿ ಬಟ್ಟೆ ಹಾಕಿಕೊಳ್ಳುತ್ತಾರೆ. ಹಾಕುವವರ ಬಟ್ಟೆ ಹೊಳೆ ಪಾಲಾಗಿತ್ತು, ಮೈಮೇಲಿದ್ದದ್ದೊಂದೇ, ಅದೂ ಹಸಿ. ಬಳಸಿದ್ದನ್ನು ಹಾಕಲು ಮುಚ್ಚಳದ ಡಬ್ಬಿಯೂ ಇಲ್ಲ. ಅಂಗಡಿಯಲ್ಲಿ ರೆಕ್ಕೆ ಇರೋದಾ, ಇಲ್ಲದ್ದಾ ಅಂತ ಅರ್ಧ ಗಂಟೆ ಚರ್ಚೆ ಮಾಡಿದವಳು ನಾನು. ಆ ಶಾಲೆಯಲ್ಲಿದ್ದ ಒಬ್ಬ ಹೆಂಗಸಿಗೆ ಫೋನ್ ಹಚ್ಚಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಾಗಾಗಿ ಕಿಟ್ ಯೋಚನೆ ಆಮೇಲೆ. ಮೊದಲು ಪಾಯಖಾನೆ ನೋಡಿ ಬನ್ನಿ. ನಾವು ಹೋದಲ್ಲಿ ಬಲ್ಬು ಇರಲಿಲ್ಲ, ಒಳಗಡೆ ಚಿಲಕವೂ ಇರಲಿಲ್ಲ. ಕತ್ತಲಲ್ಲಿ ಹೋಗಬೇಕಾಗುತ್ತದೆ ಅಂತ ಹುಡುಗಿಯರು ಸಂಜೆ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಉರಿಮೂತ್ರ ಶುರುವಾಗೋದು ಹೀಗೇ ಅಲ್ವಾ? ಮರುದಿನ ನರಗುಂದದಿಂದ ಚಿಲಕ, ಬಲ್ಬು, ಹತ್ತಿ ಬಟ್ಟೆ, ಸಾಬೂನು, ಬಕೆಟ್ ತಂದೆವು. ಒಗೆದ ಬಟ್ಟೆ ಗಂಡಸರ ಕಣ್ಣಿಗೆ ಬೀಳದ ಹಾಗೆ ಒಣಹಾಕಲು ಹಗ್ಗ, ಅಡ್ಡಕ್ಕೊಂದು ಹಳೆ ಸೀರೆ. ಈ ಸಲ ಹಂಚಿದ್ದು ಆಶಾ ಕಾರ್ಯಕರ್ತೆ.

ಆಶಾ ಅವರ ಹತ್ತಿರ ಬಸುರಿಯರ ಪಟ್ಟಿಯೂ ಇರುತ್ತದೆ. ತಪಾಸಣೆ ವಿವರ ಬರೆದಿಡುವ ತಾಯಿ ಕಾರ್ಡ್ ನೀರಲ್ಲಿ ಹೋದವರಿಗೆ ಆ ಪಟ್ಟಿಯೇ ದಾರಿ. ರಸ್ತೆ ಮುಳುಗಿದರೆ 108 ಎಲ್ಲಿವರೆಗೆ ಬರುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. 181 ಮಹಿಳಾ ಸಹಾಯವಾಣಿ ನಂಬರ್ ಪಾಯಖಾನೆ ಬಾಗಿಲ ಒಳಗಡೆ ಬರೆಯಿರಿ, ನೋಟಿಸ್ ಬೋರ್ಡಿಗಲ್ಲ. ಅಲ್ಲಿ ಗಂಡನ ಮುಂದೆ ನಿಂತು ಯಾರು ಓದುತ್ತಾರೆ? ಯಾರ ಮೇಲಾದರೂ ಅತ್ಯಾಚಾರ ಆದರೆ 72 ಗಂಟೆ ದಾಟುವ ಮೊದಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಚಿಕಿತ್ಸೆ ಉಚಿತ. ಪೊಲೀಸ್ ದೂರು ಕೊಟ್ಟಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ.

ಪ್ಯಾಡ್ ಆಗಲೇ ಕೊಂಡಿದ್ದರೆ ಇರಲಿ, ಕೇಳಿದವರಿಗೆ ಕೊಡಿ. ಜೊತೆಗೆ ಎಲ್ಲಾ ಅಳತೆಯ ಚಡ್ಡಿ ತನ್ನಿ. ದೊಡ್ಡವು ಜಾಸ್ತಿ ಇರಲಿ, ನಮಗೆ ಅವೇ ಮೊದಲು ಖಾಲಿಯಾದವು.